ಸೂರ್ಯನ ಬೆಳಕು, ಕಾಂತಕ್ಷೇತ್ರ ಮತ್ತು ಒಂದು ಬೀಸುಕಲ್ಲು: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲದ ಸಂಜೆಗಳಲ್ಲಿ ನಾವು ಕೆಲವರು ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಮಕ್ಕಳಿಗೆ ಆಕಾಶ ತೋರಿಸುತ್ತೇವೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಟೆಲಿಸ್ಕೋಪ್ ಜೋಡಿಸುವ ಹೊತ್ತಿಗೆ ಮಕ್ಕಳು ಸುಮ್ನೆ ಕೂರುವುದಿಲ್ಲ. ಅದಕ್ಕೇ ಅವರ ಕೈಗೆ ಒಂದೊಂದು ತುಂಡು ಪೋಲರಾಯ್ಡ್ ಹಾಳೆ ಕೊಟ್ಟುಬಿಡುತ್ತೇನೆ. "ಅಕ್ಕೋರೇ, ಇದನ್ನು ತಿರುಗಿಸಿದರೆ ಆಕಾಶ ಕಪ್ಪಾಗ್ತದೆ!" ಎಂದು ಒಬ್ಬ ಕೂಗುತ್ತಾನೆ. ಅಲ್ಲಿಂದ ಪ್ರಶ್ನೆಗಳು ಶುರು. ಅವು ಆಕಾಶದಿಂದ ಸೂರ್ಯನಿಗೆ, ಸೂರ್ಯನಿಂದ ಅಯಸ್ಕಾಂತಕ್ಕೆ ಹೋಗುತ್ತವೆ. ಮಕ್ಕಳಷ್ಟೇ ಅಲ್ಲ, ಅವರನ್ನು ಕರೆದುಕೊಂಡು ಬಂದವರೂ ಕೇಳುತ್ತಾರೆ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ಬೇಜಾರಾಗಿ, ಈಗ ಪುರುಸೊತ್ತಿನಲ್ಲಿ ಕೂತು ಬರೆದಿದ್ದೇನೆ.

ಪೋಲರೈಸ್ ಆದ ಬೆಳಕು ಅಂದರೆ ಏನು?

ರಂಪಣಿ ಬಲೆಯ ಹಗ್ಗ ನೋಡಿದ್ದೀರಲ್ಲ. ಒಂದು ತುದಿ ಗಟ್ಟಿಯಾಗಿ ಹಿಡಿದು ಇನ್ನೊಂದು ತುದಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲೆ ಮೇಲೆ ಕೆಳಗೆ ಆಡುತ್ತಾ ಸಾಗುತ್ತದೆ. ಎಡ ಬಲ ಅಲ್ಲಾಡಿಸಿದರೆ ಎಡ ಬಲ ಆಡುತ್ತದೆ. ಬೆಳಕೂ ಹೀಗೆ ಅಡ್ಡಡ್ಡ ಆಡುತ್ತಾ ಸಾಗುವ ಅಲೆ. ಮಾಮೂಲಿ ಬೆಳಕಿನಲ್ಲಿ ಎಲ್ಲ ದಿಕ್ಕಿನ ಆಟವೂ ಕಲಸಿಹೋಗಿರುತ್ತದೆ. ಒಂದೇ ದಿಕ್ಕಿನ ಆಟ ಜಾಸ್ತಿ ಇದ್ದರೆ ಆ ಬೆಳಕು ಪೋಲರೈಸ್ ಆಗಿದೆ ಎನ್ನುತ್ತೇವೆ. ಶಾಲೆಯ ಪುಸ್ತಕದಲ್ಲಿ ಇದೇ ಧ್ರುವೀಕರಣ. ಪೋಲರಾಯ್ಡ್ ಹಾಳೆ ಒಂದು ದಿಕ್ಕಿನ ಆಟವನ್ನು ಬಿಟ್ಟು, ಅದಕ್ಕೆ ಅಡ್ಡಲಾದದ್ದನ್ನು ತಡೆಯುತ್ತದೆ. ಅಷ್ಟೇ ಅದರ ಕೆಲಸ.

ಕಾಳಿ ನದಿಯಲ್ಲಿ ಗಾಳ ಹಾಕುವವರಲ್ಲಿ ಕೆಲವರು ಪೋಲರಾಯ್ಡ್ ಕನ್ನಡಕ ಹಾಕಿಕೊಳ್ಳುತ್ತಾರೆ. ನೀರಿನ ಮೇಲಿನ ಝಳಪು ಹೆಚ್ಚಾಗಿ ನೆಲಕ್ಕೆ ಸಮನಾದ ದಿಕ್ಕಿನಲ್ಲಿ ಆಡುತ್ತದೆ. ಕನ್ನಡಕ ಅದನ್ನೇ ತಡೆಯುತ್ತದೆ. ಝಳಪು ಹೋದರೆ ಒಳಗಿನ ಮೀನು ಕಾಣುತ್ತದೆ.

ಇದನ್ನು ನಾನೇ ನೋಡಬಹುದಾ?

ಧಾರಾಳವಾಗಿ. ಸೂರ್ಯ ಮುಳುಗುವ ಹೊತ್ತಿಗೆ ಬೀಚಿಗೆ ಬನ್ನಿ. ಸೂರ್ಯನ ಕಡೆ ಬೇಡ, ನೆತ್ತಿಯ ಮೇಲಿನ ನೀಲಿಯನ್ನು ಪೋಲರಾಯ್ಡ್ ಹಾಳೆಯಲ್ಲಿ ನೋಡುತ್ತಾ ಹಾಳೆಯನ್ನು ನಿಧಾನ ತಿರುಗಿಸಿ. ಆಕಾಶ ಕಪ್ಪಾಗಿ ಮತ್ತೆ ಬೆಳ್ಳಗಾಗುತ್ತದೆ. ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಈ ಬದಲಾವಣೆ ಅತಿ ಜಾಸ್ತಿ. ಪಡುವಣದಲ್ಲಿ ಸೂರ್ಯ ಇರುವಾಗ ನೆತ್ತಿಯ ಬೆಳಕು ಉತ್ತರ-ದಕ್ಷಿಣವಾಗಿ ಆಡುತ್ತಿರುತ್ತದೆ. ಗಾಳಿಯ ಕಣಗಳು ಬೆಳಕನ್ನು ಚದುರಿಸುವಾಗ ಈ ದಿಕ್ಕಿನ ಗುರುತು ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಮಂಜು-ತೇವ ಇದ್ದ ದಿನ ಈ ಆಟ ಸಪ್ಪೆ. ಡಿಸೆಂಬರಿನ ಒಣ ಸಂಜೆಗಳು ಒಳ್ಳೆಯವು.

ಎರಡು ಎಚ್ಚರಿಕೆ. ಪೋಲರಾಯ್ಡ್ ಹಾಳೆಯಲ್ಲಿ ಸೂರ್ಯನನ್ನು ನೇರ ನೋಡಲೇಬಾರದು. ಅದು ಗ್ರಹಣದ ಕನ್ನಡಕವಲ್ಲ, ಕಣ್ಣು ಹೋಗುತ್ತದೆ. ಇನ್ನೊಂದು, 'ಪೋಲರೈಸ್ಡ್' ಎಂದು ಬರೆದದ್ದೆಲ್ಲ ಪೋಲರೈಸ್ಡ್ ಇರುವುದಿಲ್ಲ. ನಾನು ಒಮ್ಮೆ ಮಕ್ಕಳಿಗೆಂದು ಪೋಸ್ಟಿನಲ್ಲಿ ಒಂದು ಡಜನ್ ಕನ್ನಡಕ ತರಿಸಿದೆ. ಕ್ಯಾಲ್ಕ್ಯುಲೇಟರ್ ಪರದೆಯ ಮುಂದೆ ಹಿಡಿದು ತಿರುಗಿಸಿದೆ. ಅಂಕಿಗಳು ಮಾಯ ಆಗಬೇಕಿತ್ತು. ಹನ್ನೆರಡರಲ್ಲಿ ಒಂದಕ್ಕೂ ಆಗಲಿಲ್ಲ. ಬರೀ ಬಣ್ಣದ ಪ್ಲಾಸ್ಟಿಕ್. ಕೊಳ್ಳುವ ಮೊದಲು ಅಂಗಡಿಯಲ್ಲೇ ಹೀಗೆ ಪರೀಕ್ಷೆ ಮಾಡಿಕೊಳ್ಳಿ.

ಸೂರ್ಯನ ಬೆಳಕೂ ಅಲ್ಲಿಂದಲೇ ಪೋಲರೈಸ್ ಆಗಿ ಬರುತ್ತದಾ?

ಇಡೀ ಸೂರ್ಯನನ್ನು ಒಟ್ಟಿಗೆ ತೆಗೆದುಕೊಂಡರೆ ಹೆಚ್ಚುಕಡಿಮೆ ಇಲ್ಲ. ಸುತ್ತಲಿನ ಎಲ್ಲ ದಿಕ್ಕುಗಳು ಸೇರಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಆದರೆ ದೂರದರ್ಶಕದಲ್ಲಿ ಸೂರ್ಯನ ಅಂಚಿನ ಹತ್ತಿರದ ಸಣ್ಣ ಜಾಗವನ್ನಷ್ಟೇ ಹಿಡಿದರೆ ಸ್ವಲ್ಪ ಸಿಗುತ್ತದೆ.

ಸೂರ್ಯನ ಮೈಯ ಮೇಲಿನ ತೆಳು ವಾತಾವರಣದಲ್ಲಿ ಒಂದು ಪರಮಾಣು ಇದೆ ಎಂದುಕೊಳ್ಳಿ. ಅದಕ್ಕೆ ಕೆಳಗಿನಿಂದ ಬೆಳಕು ಜಾಸ್ತಿ, ಪಕ್ಕಗಳಿಂದ ಕಡಿಮೆ. ಒಲೆಯ ಮುಂದೆ ಕೂತವರಿಗೆ ಮುಂದೆ ಬಿಸಿ, ಬೆನ್ನಿಗೆ ತಂಪು ಇದ್ದ ಹಾಗೆ. ಈ ಏರುಪೇರಿನ ಬೆಳಕನ್ನು ಅದು ನುಂಗಿ ಮತ್ತೆ ಉಗುಳುವಾಗ ಒಂದು ದಿಕ್ಕಿನ ಗುರುತು ಹತ್ತುತ್ತದೆ. ಸೂರ್ಯನ ನಡುವೆ ನೋಡಿದರೆ ನಾವು ಅದನ್ನು ನೆತ್ತಿಯಿಂದ ನೋಡಿದಂತೆ. ಸುತ್ತ ಎಲ್ಲ ಸಮ, ಹಾಗಾಗಿ ಗುರುತು ಕಾಣುವುದಿಲ್ಲ. ಅಂಚಿನಲ್ಲಿ ಪಕ್ಕದಿಂದ ನೋಡುತ್ತೇವೆ, ಅಲ್ಲಿ ಕಾಣುತ್ತದೆ. ಅಂಚಿಗೆ ಸಮಾನಾಂತರವಾಗಿ ಆಡುವ ಬೆಳಕು ಅಲ್ಲಿ ಸಾಮಾನ್ಯವಾಗಿ ತುಸು ಜಾಸ್ತಿ.

ಎಷ್ಟು ಜಾಸ್ತಿ ಅಂದರೆ, ನೂರರಲ್ಲಿ ಒಂದೆರಡು ಪಾಲು ಸಿಕ್ಕಿದರೆ ಹಬ್ಬ. ಬಹಳ ಕಡೆ ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ.

'ಎರಡನೇ ರೋಹಿತ' ಅಂತ ಏನೋ ಹೇಳಿದಿರಲ್ಲ?

ಸೂರ್ಯನ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ಹಾಸಿದರೆ ನಡುನಡುವೆ ಸಾವಿರಾರು ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ಒಂದೊಂದು ಮೂಲವಸ್ತುವಿನ ಸಹಿ. ಇದು ಎಲ್ಲರಿಗೂ ಗೊತ್ತಿರುವ ಮೊದಲನೇ ರೋಹಿತ. ಈಗ ಬೆಳಕು ಎಷ್ಟಿದೆ ಎನ್ನುವುದನ್ನು ಬಿಡಿ. ಒಂದೊಂದು ಬಣ್ಣವೂ ಎಷ್ಟು ಪೋಲರೈಸ್ ಆಗಿದೆ ಎಂಬುದನ್ನಷ್ಟೇ ಚಿತ್ರ ಬರೆಯಿರಿ. ಬೇರೆಯದೇ ಒಂದು ರೋಹಿತ ಬರುತ್ತದೆ. ಮೊದಲನೆಯದರಲ್ಲಿ ಗತ್ತಿನಿಂದ ನಿಂತ ಗೆರೆ ಇಲ್ಲಿ ಕಾಣೆ ಆಗಬಹುದು. ಅಲ್ಲಿ ಮೂಲೆಯಲ್ಲಿದ್ದ ಸಣ್ಣ ಗೆರೆ ಇಲ್ಲಿ ಎದ್ದು ಕುಣಿಯಬಹುದು. ಅದಕ್ಕೇ ಇದಕ್ಕೆ ಸೂರ್ಯನ ಎರಡನೇ ರೋಹಿತ ಎಂಬ ಹೆಸರು ಬಿತ್ತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ತಯಾರಾದ ಜಿಂಪೋಲ್ ಎಂಬ ಪೋಲರೈಸೇಶನ್ ಅಳೆಯುವ ಉಪಕರಣ ಹಿಡಿದು 1990ರ ದಶಕದಲ್ಲಿ ಸ್ಟೆನ್‌ಫ್ಲೋ ಮತ್ತು ಕೆಲ್ಲರ್ ಎಂಬ ವಿಜ್ಞಾನಿಗಳು ಇದರ ವಿವರಗಳನ್ನು ಬಿಡಿಸಿಟ್ಟರು.

ಕ್ಯಾಲ್ಸಿಯಂನ 422.7 ನ್ಯಾನೋಮೀಟರ್ ಗೆರೆ ಇಲ್ಲಿನ ದೊಡ್ಡ ಕುಳ. ನ್ಯಾನೋಮೀಟರ್ ಅಂದರೆ ಬೆಳಕಿನ ಅಲೆಯ ಉದ್ದದ ಅಳತೆ, ಗೆರೆ ಯಾವ ಬಣ್ಣದಲ್ಲಿದೆ ಎಂದು ಅದರಿಂದ ಹೇಳುತ್ತೇವೆ. ಎಲೆಗೆ ಹಚ್ಚುವ ಸುಣ್ಣದಲ್ಲಿರುವ ಅದೇ ಕ್ಯಾಲ್ಸಿಯಂ. ಸ್ಟ್ರಾನ್ಷಿಯಂನ 460.7 ಗೆರೆ ಇನ್ನೊಂದು. ದೀಪಾವಳಿಯ ಕೆಂಪು ಪಟಾಕಿಗೆ ಬಣ್ಣ ಕೊಡುವುದು ಈ ಸ್ಟ್ರಾನ್ಷಿಯಂ. ಇದರ ಕಥೆ ಮುಂದೆ ಬರುತ್ತದೆ.

ಇದರಲ್ಲಿ ಅಯಸ್ಕಾಂತ ಎಲ್ಲಿಂದ ಬಂತು?

ಇದು ಎಲ್ಲರೂ ಕೇಳುವ ಪ್ರಶ್ನೆ. ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ನನಗೇ ಹೋಗಿರಲಿಲ್ಲ. ಕೊನೆಗೆ ಶಿರಸಿಯ ತವರುಮನೆಯಲ್ಲಿ ಮೂಲೆಗೆ ಬಿದ್ದಿದ್ದ ಬೀಸುಕಲ್ಲು ನೆರವಿಗೆ ಬಂತು.

ಬೀಸುಕಲ್ಲಿನ ಗೂಟ ಕಿತ್ತು, ಮೇಲಿನ ಕಲ್ಲಿನ ಮೇಲೆ ದುಂಡಗೆ ಕತ್ತರಿಸಿದ ಕರಿ ರಟ್ಟು ಇಟ್ಟೆ. ಮಾಡಿನ ಜಂತಿಯಿಂದ ಉದ್ದ ದಾರದಲ್ಲಿ ಒಂದು ತೆಂಗಿನ ಗರಟೆ ಇಳಿಬಿಟ್ಟೆ. ಗರಟೆಯ ತಳದಲ್ಲಿ ಒಂದು ಸಣ್ಣ ತೂತು, ಒಳಗೆ ಬಿಳಿ ಮರಳು. ಗರಟೆಯ ಪಕ್ಕಕ್ಕೆ ಒಂದು ಅಗಲದ ಕಾಗದ ಅಂಟಿಸಿದ್ದೆ. ಗಾಳಿಗೆ ತಡೆ ಸಿಕ್ಕಿ ತೂಗಾಟ ಬೇಗ ನಿಲ್ಲಲಿ ಅಂತ. ಮೊದಲ ದಿನ ಕಾರವಾರದಿಂದ ತಂದ ಮರಳು ಹಾಕಿದೆ. ಅದರಲ್ಲಿ ಉಪ್ಪಿನ ತೇವ, ತೂತು ಕಟ್ಟಿಕೊಂಡಿತು. ಮರುದಿನ ಬಾಣಲೆಯಲ್ಲಿ ಹುರಿದೆ. "ರವೆ ಹುರಿದ ಹಾಗೆ ಮರಳು ಹುರೀತೀಯಲ್ಲೇ" ಎಂದು ಅಮ್ಮ ನಕ್ಕರು. ಆಮೇಲೆ ಸರಾಗ ಸುರಿಯಿತು.

ಮೊದಲು ಕಲ್ಲು ತಿರುಗಿಸದೆ ಗರಟೆಯನ್ನು ಒಮ್ಮೆ ಎಳೆದು ಬಿಟ್ಟೆ. ರಟ್ಟಿನ ಮೇಲೆ ಒಂದೇ ನೇರ ಗೆರೆ. ಗರಟೆ ಹಿಂದೆ ಮುಂದೆ ಆಡಿ, ಆಟ ಸಣ್ಣದಾಗುತ್ತಾ ನಿಂತಿತು. ಬೆಳಕನ್ನು ನುಂಗಿದ ಪರಮಾಣುವೂ ಹೀಗೆ ಒಂದು ದಿಕ್ಕಿನಲ್ಲಿ ಆಡುತ್ತಾ, ಬೆಳಕು ಬಿಡುತ್ತಾ ಸುಮ್ಮನಾಗುತ್ತದೆ. ಗೆರೆ ನೇರ ಇದೆ ಎಂದರೆ ಬೆಳಕು ಪೂರ್ತಿ ಪೋಲರೈಸ್ ಆಗಿದೆ.

ಎರಡನೇ ಸಲ ಗರಟೆ ಆಡುತ್ತಿರುವಾಗ ಕಲ್ಲನ್ನು ತುಂಬಾ ನಿಧಾನ ತಿರುಗಿಸಿದೆ. ಗರಟೆ ನಿಲ್ಲುವಷ್ಟರಲ್ಲಿ ಕಲ್ಲು ಸ್ವಲ್ಪವೇ ಸರಿದಿತ್ತು. ಮರಳಿನ ಗೆರೆ ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಒಂದು ಮುಖ್ಯ ದಿಕ್ಕು ಇನ್ನೂ ಇದೆ, ಆದರೆ ಅದು ಓರೆಯಾಗಿದೆ, ಹರಡಿದೆ. ಮೂರನೇ ಸಲ ಕಲ್ಲನ್ನು ಜೋರಾಗಿ ತಿರುಗಿಸಿದೆ. ಗರಟೆ ನಿಲ್ಲುವ ಮೊದಲು ಎಷ್ಟೋ ಸುತ್ತು ಆಗಿತ್ತು. ರಟ್ಟಿನ ಮೇಲೆ ಸುತ್ತಲೂ ಎಸಳಿರುವ ಹೂವು, ಥೇಟ್ ರಂಗೋಲಿ. ಅದರಲ್ಲಿ ದಿಕ್ಕು ಹುಡುಕಿದರೆ ಎಲ್ಲಿ ಸಿಗುತ್ತದೆ?

ಕಾಂತಕ್ಷೇತ್ರ, ಅಂದರೆ ಅಯಸ್ಕಾಂತದ ಪ್ರಭಾವ, ಪರಮಾಣುವಿಗೆ ಮಾಡುವುದು ಇದನ್ನೇ. ಅದರ ತೂಗಾಟದ ದಿಕ್ಕನ್ನು ಸುತ್ತ ತಿರುಗಿಸುತ್ತದೆ. ನನ್ನ ಪ್ರಯೋಗದಲ್ಲಿ ತಿರುಗಿದ್ದು ನೆಲ, ಅಲ್ಲಿ ತಿರುಗುವುದು ತೂಗಾಟ. ಬೀಳುವ ಚಿತ್ರ ಮಾತ್ರ ಒಂದೇ. ಕ್ಷೇತ್ರ ದುರ್ಬಲವಾದರೆ ಬೀಸಣಿಗೆ, ಬಲವಾದರೆ ಹೂವು. ಅಂದರೆ ಕಾಂತಕ್ಷೇತ್ರ ಇದ್ದಲ್ಲಿ ಪೋಲರೈಸ್ ಆದ ಬೆಳಕಿನ ಪಾಲು ಕಡಿಮೆಯಾಗುತ್ತದೆ, ದಿಕ್ಕು ಓರೆಯಾಗುತ್ತದೆ. ಇದಕ್ಕೆ ಹಾನ್ಲೆ ಪರಿಣಾಮ ಎನ್ನುತ್ತಾರೆ. ಎಷ್ಟು ಅಳಿಸಿಹೋಗಿದೆ ಎಂದು ನೋಡಿ, ಅಳಿಸಿದ್ದು ಎಷ್ಟು ಬಲದ್ದು ಎಂದು ಹೇಳುವ ಕೆಲಸ ಇದು. ಒರೆಸಿದ ಹೆಜ್ಜೆಗುರುತು ನೋಡಿ ಪೊಲೀಸರು ಕಳ್ಳನನ್ನು ಹುಡುಕುವುದಿಲ್ಲವಾ, ಹಾಗೆ.

ಒಂದು ಷರತ್ತು ಇದೆ, ಕಾಲೇಜಿನವರು ಯಾವಾಗಲೂ ಹಿಡಿದು ಕೇಳುತ್ತಾರೆ. ಸೂರ್ಯನ ಮೈಯಿಂದ ನೆಟ್ಟಗೆ ಮೇಲೆದ್ದ ಕಾಂತಕ್ಷೇತ್ರಕ್ಕೆ ಈ ಅಳಿಸುವ ಶಕ್ತಿ ಇಲ್ಲ. ಕೆಳಗಿನ ಬೆಳಕು ಆ ನೆಟ್ಟಗಿನ ಗೆರೆಯ ಸುತ್ತ ಎಲ್ಲ ಕಡೆಯೂ ಸಮ. ಸಮ ಇದ್ದದ್ದನ್ನು ಎಷ್ಟು ತಿರುಗಿಸಿದರೂ ಅದೇ. ಓರೆ ಅಥವಾ ಅಡ್ಡ ಕ್ಷೇತ್ರವಾದರೆ ಮಾತ್ರ ಆಟ ನಡೆಯುತ್ತದೆ.

ಹಾನ್ಲೆ ಅಂದರೆ ಲಡಾಖಿನ ಊರಲ್ವಾ?

ಹೆಸರು ಒಂದೇ, ಸಂಬಂಧ ಏನೂ ಇಲ್ಲ. ಲಡಾಖಿನ ಹಾನ್ಲೆಯಲ್ಲಿ ನಮ್ಮ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕ ಇದೆ. ಅದೇ ಸಂಸ್ಥೆಯವರು ಹಾನ್ಲೆ ಪರಿಣಾಮದ ಮೇಲೂ ಕೆಲಸ ಮಾಡಿರುವುದರಿಂದ ಗೊಂದಲ ಇನ್ನೂ ಜಾಸ್ತಿ.

ಈ ಹಾನ್ಲೆ ಒಬ್ಬ ಮನುಷ್ಯ. ವಿಲ್ಹೆಲ್ಮ್ ಹಾನ್ಲೆ, ಜರ್ಮನಿಯವರು. 1924ರಲ್ಲಿ ಗಟಿಂಗನ್‌ನಲ್ಲಿ ಈ ಪರಿಣಾಮಕ್ಕೆ ವಿವರಣೆ ಕೊಟ್ಟಾಗ ಅವರಿಗೆ ಇನ್ನೂ 23ರ ಆಸುಪಾಸು. ಅದಕ್ಕೆ ಸ್ವಲ್ಪ ಮೊದಲು ಅಮೆರಿಕದಲ್ಲಿ ವುಡ್ ಮತ್ತು ಎಲೆಟ್ ಪಾದರಸದ ಆವಿಯ ಮೇಲೆ 253.7 ನ್ಯಾನೋಮೀಟರಿನ ಬೆಳಕು ಬಿಟ್ಟು ಅದು ಎಷ್ಟು ಪೋಲರೈಸ್ ಆಗುತ್ತದೆ ಎಂದು ಅಳೆಯುತ್ತಿದ್ದರು. ಉಪಕರಣವನ್ನು ಯಾವ ದಿಕ್ಕಿಗೆ ಮುಖ ಮಾಡಿ ಇಡುತ್ತಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತಿತ್ತು. ಕೊನೆಗೆ ತಿಳಿಯಿತು, ಕಿತಾಪತಿ ಮಾಡುತ್ತಿದ್ದದ್ದು ಭೂಮಿಯ ಕಾಂತಕ್ಷೇತ್ರ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವಷ್ಟೇ ಬಲದ ಅದೇ ಕ್ಷೇತ್ರ. ಇಂಥದ್ದೊಂದು ತೊಡಕನ್ನು 'ಮೇಜು ಸರಿಯಿಲ್ಲ' ಎಂದು ಬಿಟ್ಟುಬಿಡದೆ ಬೆನ್ನು ಹತ್ತಿದ್ದು ನನಗೆ ಬಹಳ ಇಷ್ಟದ ಭಾಗ.

ಸೂರ್ಯನ ಕಾಂತಕ್ಷೇತ್ರವನ್ನು ಅಳೆಯಲು ಬೇರೆ ದಾರಿ ಇರಲಿಲ್ಲವಾ?

ಇತ್ತು, ಈಗಲೂ ಇದೆ. ಕಾಂತಕ್ಷೇತ್ರದಲ್ಲಿ ರೋಹಿತದ ಗೆರೆ ಸೀಳುತ್ತದೆ ಎಂದು 1896ರಲ್ಲಿ ಜೀಮನ್ ಕಂಡುಕೊಂಡರು. ಅದನ್ನು ಬಳಸಿ 1908ರಲ್ಲಿ ಅಮೆರಿಕದ ಹೇಲ್ ಸೂರ್ಯಕಲೆಗಳಲ್ಲಿ ಬಲವಾದ ಕಾಂತಕ್ಷೇತ್ರ ಇದೆ ಎಂದು ತೋರಿಸಿದರು. ಅಲ್ಲಿ ಎರಡು-ಮೂರು ಸಾವಿರ ಗಾಸ್ ಇರುತ್ತದೆ. ಗಾಸ್ ಅಂದರೆ ಕಾಂತಕ್ಷೇತ್ರದ ಬಲದ ಅಳತೆ. ಭೂಮಿಯದು ಅರ್ಧ ಗಾಸ್ ಆಸುಪಾಸು. ಕಲೆಗಳಿಗೆ ಜೀಮನ್ ದಾರಿ ಚೆನ್ನಾಗಿ ನಡೆಯುತ್ತದೆ.

ತೊಂದರೆ ಬರುವುದು ಕಲೆ ಇಲ್ಲದ ಕಡೆ. ಸೂರ್ಯನ ಮೈಯ ಬಹುಪಾಲು ಹಾಗೇ ಇದೆ. ಅಲ್ಲಿ ಕ್ಷೇತ್ರ ಸಣ್ಣ ಸಣ್ಣ ಜಾಗದಲ್ಲಿ ಸಿಕ್ಕುಸಿಕ್ಕಾಗಿದೆ. ಇಲ್ಲಿ ನಮ್ಮ ಕಡೆಗೆ, ಪಕ್ಕದಲ್ಲೇ ನಮ್ಮಿಂದ ಆಚೆಗೆ. ದೂರದರ್ಶಕಕ್ಕೆ ಅಷ್ಟು ಸಣ್ಣದನ್ನು ಬಿಡಿಸಿ ನೋಡಲಾಗದು, ಎಲ್ಲ ಕಲಸಿ ಒಂದೇ ಚುಕ್ಕಿ. ಜೀಮನ್ ಲೆಕ್ಕದಲ್ಲಿ ಆಚೆಯದೂ ಈಚೆಯದೂ ಸೇರಿ ಸೊನ್ನೆ. ಇಡೀ ವರ್ಷದ ಉಬ್ಬರ ಇಳಿತಗಳ ಸರಾಸರಿ ತೆಗೆದು 'ಸಮುದ್ರ ಅಲ್ಲಾಡಲೇ ಇಲ್ಲ' ಎಂದ ಹಾಗೆ.

ಬೀಸುಕಲ್ಲಿಗೆ ವಾಪಸ್ ಬನ್ನಿ. ಕಲ್ಲನ್ನು ಬಲಕ್ಕೆ ತಿರುಗಿಸಿದರೆ ಬೀಸಣಿಗೆ ಒಂದು ಕಡೆ ಬಿಚ್ಚುತ್ತದೆ, ಎಡಕ್ಕೆ ತಿರುಗಿಸಿದರೆ ಇನ್ನೊಂದು ಕಡೆ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಓರೆ ವಜಾ ಆಗುತ್ತದೆ. ಆದರೆ ಹರಡಿದ್ದು ಹರಡಿಯೇ ಇರುತ್ತದೆ. ಗೆರೆ ಮತ್ತೆ ನೇರ ಆಗುವುದಿಲ್ಲ. ಸಿಕ್ಕುಸಿಕ್ಕಾದ ಕ್ಷೇತ್ರವೂ ಹೀಗೆ ಕುರುಹು ಬಿಟ್ಟೇ ಹೋಗುತ್ತದೆ. ಹಾನ್ಲೆ ದಾರಿಯ ಬೆಲೆ ಇರುವುದು ಇಲ್ಲಿ.

ಎಷ್ಟು ಗಾಸ್ ಇದ್ದರೆ ಈ ಅಳಿಸುವಿಕೆ ಕಾಣುತ್ತದೆ?

ಒಂದೊಂದು ಗೆರೆಗೆ ಒಂದೊಂದು ಲೆಕ್ಕ. ಗರಟೆ ಎಷ್ಟು ಬೇಗ ನಿಲ್ಲುತ್ತದೆ, ಕಲ್ಲು ಎಷ್ಟು ಬೇಗ ತಿರುಗುತ್ತದೆ, ಇವೆರಡರ ಪೈಪೋಟಿ ಅದು. ಒಂದು ಗಾಸ್ ಕ್ಷೇತ್ರದಲ್ಲಿ ತಿರುಗುವ ವೇಗ ಸೆಕೆಂಡಿಗೆ ಸುಮಾರು 88 ಲಕ್ಷ ರೇಡಿಯನ್ (ರೇಡಿಯನ್ ಅಂದರೆ ಕೋನದ ಒಂದು ಅಳತೆ). ಸ್ಟ್ರಾನ್ಷಿಯಂ ಪರಮಾಣು 460.7 ಗೆರೆಯ ಬೆಳಕನ್ನು ಹಿಡಿದಿಟ್ಟುಕೊಳ್ಳುವುದು ಸೆಕೆಂಡಿನ 20 ಕೋಟಿ ಪಾಲಿನಲ್ಲಿ ಒಂದು ಪಾಲು ಹೊತ್ತು ಮಾತ್ರ. 20 ಕೋಟಿಯನ್ನು 88 ಲಕ್ಷದಿಂದ ಭಾಗಿಸಿ, 23 ಗಾಸ್ ಹತ್ತಿರ ಬರುತ್ತದೆ. ಇದು ಆ ಗೆರೆಯ ಹದ. ಇದರ ಐದನೇ ಒಂದು ಪಾಲಿನಿಂದ ಹಿಡಿದು ಐದು ಪಟ್ಟಿನ ತನಕ ಗೆರೆ ಚೆನ್ನಾಗಿ ಸ್ಪಂದಿಸುತ್ತದೆ. ಅದಕ್ಕಿಂತ ಕಡಿಮೆಯಾದರೆ ಗೊತ್ತೇ ಆಗುವುದಿಲ್ಲ. ಜಾಸ್ತಿಯಾದರೆ ಆಗಲೇ ಹೂವು ಬಿದ್ದಾಗಿರುತ್ತದೆ, ಇನ್ನೆಷ್ಟು ತಿರುಗಿಸಿದರೂ ಅದೇ ಹೂವು. ಎಲ್ಲ ದಿಕ್ಕಿಗೂ ಸಮನಾಗಿ ಸಿಕ್ಕುಗಟ್ಟಿದ ಬಲವಾದ ಕ್ಷೇತ್ರದಲ್ಲೂ ಇಂಥ ಗೆರೆಯ ಪೋಲರೈಸೇಶನ್ ಪೂರ್ತಿ ಸಾಯುವುದಿಲ್ಲ, ಐದನೇ ಒಂದು ಪಾಲು ಉಳಿಯುತ್ತದೆ.

ಪಾದರಸದ ಆ ಗೆರೆ ಬೆಳಕನ್ನು ಇಪ್ಪತ್ತು ಪಟ್ಟಿಗೂ ಜಾಸ್ತಿ ಹೊತ್ತು ಹಿಡಿದಿಡುತ್ತದೆ. ಹಾಗಾಗಿ ಅದರ ಹದ ಒಂದು ಗಾಸ್‌ಗಿಂತ ಕಡಿಮೆ. ವುಡ್ ಅವರ ಮೇಜನ್ನು ಭೂಮಿಯೇ ಕೆಣಕಿದ್ದು ಯಾಕೆ ಎಂದು ಈಗ ಗೊತ್ತಾಯಿತಲ್ಲ.

ಸರಿ, ಕಲೆ ಇಲ್ಲದ ಸೂರ್ಯನಲ್ಲಿ ಕೊನೆಗೆ ಎಷ್ಟು ಸಿಕ್ಕಿತು?

ಸ್ಪೇನಿನ ಟ್ರುಹಿಯೊ ಬುಯೆನೊ ಮತ್ತು ಜೊತೆಗಾರರು 2004ರಲ್ಲಿ ಈ ಸ್ಟ್ರಾನ್ಷಿಯಂ ಗೆರೆಯನ್ನೇ ಹಿಡಿದು ಲೆಕ್ಕ ಹಾಕಿದರು. ಸರಾಸರಿ ಸುಮಾರು 130 ಗಾಸ್ ಬಂತು. 'ಶಾಂತ' ಎಂದು ಕರೆಯುತ್ತಿದ್ದ ಜಾಗದಲ್ಲಿ ಅಷ್ಟು! ಸಣ್ಣ ಜಾಗಗಳಲ್ಲಿ ಅಡಗಿದ ಈ ಕ್ಷೇತ್ರದಲ್ಲಿ ಭಾರೀ ಶಕ್ತಿ ಕೂತಿದೆ ಎಂದು ಅವರು ವಾದಿಸಿದರು.

ಆದರೆ ಆ ಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ನೆನಪಿಸಿಕೊಳ್ಳಿ. ನಡುವೆ ಉಕ್ಕುತ್ತದೆ, ಅಂಚಿನಲ್ಲಿ ಇಳಿಯುತ್ತದೆ. ಸೂರ್ಯನ ಮೈಯೂ ಹೀಗೆ ಕುದಿಯುತ್ತಿದೆ, ಒಂದೊಂದು ಗುಳ್ಳೆಯೂ ಸಾವಿರ ಕಿಲೋಮೀಟರ್ ಅಗಲ. ಉಕ್ಕುವ ನಡುಭಾಗದಲ್ಲಿ ಕ್ಷೇತ್ರ ಕಡಿಮೆ, ಇಳಿಯುವ ಸಂದುಗಳಲ್ಲಿ ಜಾಸ್ತಿ. ಇಂಗಾಲದ ಜೋಡಿ ಅಣುಗಳ ಗೆರೆಗಳು ನಡುಭಾಗದ ಸುದ್ದಿ ಹೇಳುತ್ತವೆ, ಅವು ತೋರಿಸುವುದು ತುಂಬಾ ಕಡಿಮೆ ಗಾಸ್.

ಈ ವಿಧಾನದಲ್ಲಿ ನನಗೆ ಕಾಣುವ ದೊಡ್ಡ ಕೊರತೆಯನ್ನೂ ಹೇಳಬೇಕು. 'ಎಷ್ಟು ಅಳಿಸಿದೆ' ಎನ್ನಬೇಕಾದರೆ 'ಮೊದಲು ಎಷ್ಟಿತ್ತು' ಗೊತ್ತಿರಬೇಕು. ಕಾಂತಕ್ಷೇತ್ರ ಇಲ್ಲದ ಸೂರ್ಯ ಹೋಲಿಕೆಗೆ ಎಲ್ಲೂ ಸಿಗುವುದಿಲ್ಲ. ಅದನ್ನು ಕಂಪ್ಯೂಟರಿನಲ್ಲೇ ಕಟ್ಟಬೇಕು. ಆ ಕಟ್ಟಿದ ಸೂರ್ಯ ಬದಲಾದರೆ ಗಾಸ್ ಲೆಕ್ಕವೂ ಬದಲಾಗುತ್ತದೆ. 130 ಎಂಬ ಅಂಕಿಯನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಹಿಡಿಯಬೇಡಿ.

ಇದಕ್ಕೆ ಒಂದು ಜಾಣ ಉಪಾಯ ಇದೆ. ಅಂಗಳದ ತಂತಿಯ ಮೇಲೆ ಪಂಚೆಯನ್ನೂ ಕಂಬಳಿಯನ್ನೂ ಒಣಹಾಕಿದ್ದೀರಿ. ಪಂಚೆ ಹಾರಾಡುತ್ತಿದೆ, ಕಂಬಳಿ ಅಲ್ಲಾಡುತ್ತಿಲ್ಲ. ಗಾಳಿ ಎಷ್ಟಿದೆ ಎಂದು ಅಂದಾಜು ಸಿಕ್ಕಿತಲ್ಲ? ಹಾಗೆ ಒಂದೇ ಜಾಗದಲ್ಲಿ ಹುಟ್ಟುವ, ಹದ ಬೇರೆಬೇರೆ ಇರುವ ಎರಡು ಗೆರೆಗಳನ್ನು ಹೋಲಿಸುತ್ತಾರೆ. ಕಂಪ್ಯೂಟರಿನ ಸೂರ್ಯನ ಮೇಲಿನ ಅವಲಂಬನೆ ಇದರಿಂದ ಕಡಿಮೆಯಾಗುತ್ತದೆ.

ಗೋಕರ್ಣದ ಹತ್ತಿರದ ಸಾಣಿಕಟ್ಟೆ ಉಪ್ಪಿಗೂ ಸೂರ್ಯನಿಗೂ ಏನೋ ಒಗಟು ಇದೆ ಅಂದಿದ್ದಿರಿ?

ಒಲೆಯ ಬೆಂಕಿಗೆ ಚಿಟಿಕೆ ಉಪ್ಪು ಎಸೆದರೆ ಹಳದಿ ಹೊಳಪು ಬರುತ್ತದೆ. ಅದು ಸೋಡಿಯಂ. ಆ ಹಳದಿ ಒಂದು ಗೆರೆಯಲ್ಲ, ಜೋಡಿ. 589.0ರಲ್ಲಿ ಡಿ2, 589.6ರಲ್ಲಿ ಡಿ1. ಇವೇ ಗೆರೆಗಳು ಸೂರ್ಯನ ರೋಹಿತದಲ್ಲಿ ಕಪ್ಪಾಗಿ ಕಾಣುತ್ತವೆ. ಡಿ2 ಪೋಲರೈಸ್ ಆಗುವುದು ಸರಿ. ಡಿ1 ಹುಟ್ಟುವ ಶಕ್ತಿಮಟ್ಟಗಳ (ಪರಮಾಣು ಏರಿ ಇಳಿಯುವ ಮೆಟ್ಟಿಲುಗಳ) ರಚನೆ ಎಷ್ಟು ಸರಳ ಎಂದರೆ ಸಾದಾ ಲೆಕ್ಕದಲ್ಲಿ ಅದಕ್ಕೆ ದಿಕ್ಕಿನ ಗುರುತು ಇಟ್ಟುಕೊಳ್ಳುವ ತಾಕತ್ತೇ ಇಲ್ಲ. ಆದರೂ ಜಿಂಪೋಲ್ ನೋಡಿದಾಗ ಡಿ1 ಕೂಡ ತುಸು ಪೋಲರೈಸ್ ಆಗಿತ್ತು.

1998ರಲ್ಲಿ ಇಟಲಿಯ ಲಾಂಡಿ ದೆಲ್ಲಿನ್ನೊಚೆಂಟಿ ಒಂದು ವಿವರಣೆ ಕೊಟ್ಟರು. ಆದರೆ ಅದಕ್ಕೆ ಸೋಡಿಯಂನ ತಳದ ಮಟ್ಟವೇ ದಿಕ್ಕಿನ ಗುರುತು ಹೊತ್ತಿರಬೇಕಿತ್ತು. ಆ ಮಟ್ಟದಲ್ಲಿ ಪರಮಾಣು ಬಹಳ ಹೊತ್ತು ಕೂರುತ್ತದೆ, ಅಂದರೆ ಗರಟೆ ಬಹಳ ಹೊತ್ತು ತೂಗುತ್ತದೆ. ಕಲ್ಲು ಕೂದಲೆಳೆಯಷ್ಟು ಸರಿದರೂ ಗುರುತು ಅಳಿಸಿಹೋಗುತ್ತದೆ. ಹಾಗಾದರೆ ಸೂರ್ಯನ ಆ ಪದರದಲ್ಲಿ ಕ್ಷೇತ್ರ 0.01 ಗಾಸ್‌ಗಿಂತಲೂ ಕಡಿಮೆ ಇರಬೇಕು! ಉಳಿದ ಎಲ್ಲ ಅಳತೆಗಳೂ ಅಲ್ಲಿ ಹಲವು ಗಾಸ್ ಇದೆ ಎನ್ನುತ್ತಿದ್ದವು. ಭೂಮಿಗಿಂತ ದುರ್ಬಲ ಸೂರ್ಯ ಅಂದರೆ ಯಾರು ನಂಬುತ್ತಾರೆ? ಇಪ್ಪತ್ತು ವರ್ಷ ಮೀರಿ ಈ ಜಗ್ಗಾಟ ನಡೆಯಿತು. 2021ರಲ್ಲಿ ಅಲ್ಸಿನಾ ಬಾಯೆಸ್ತೆರ್, ಬೆಲ್ಲುಜ್ಜಿ, ಟ್ರುಹಿಯೊ ಬುಯೆನೊ ಮೂವರು ಒಂದು ವಿಷಯ ಗಮನಿಸಿದರು. ಡಿ1 ಗೆರೆ ಒಳಗೊಳಗೇ ಸೂಕ್ಷ್ಮ ಎಳೆಗಳಾಗಿ ಸೀಳಿದೆ, ಆ ಎಳೆಗಳಿಗೆ ಬೀಳುವ ಬೆಳಕು ಒಂದೇ ಸಮ ಇಲ್ಲ. ಅಷ್ಟನ್ನು ಲೆಕ್ಕಕ್ಕೆ ತಂದರೆ ಗಾಸ್ ಮಟ್ಟದ ಕ್ಷೇತ್ರ ಇದ್ದರೂ ಡಿ1 ಪೋಲರೈಸ್ ಆಗುತ್ತದೆ.

ಭೂಮಿಗೂ ಕಾಂತಕ್ಷೇತ್ರ ಇದೆ. ನಮ್ಮ ಆಕಾಶದ ಪೋಲರೈಸೇಶನ್ ಯಾಕೆ ಅಳಿಸಿಹೋಗುವುದಿಲ್ಲ?

ಇದು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಪ್ರಶ್ನೆ. ಆ ದಿನ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನೀಲಿ ಆಕಾಶದಲ್ಲಿ ಗಾಳಿಯ ಅಣುಗಳು ಬೆಳಕನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲ. ಅದು ಅವುಗಳ ಸ್ವಂತ ಬಣ್ಣದ ಬೆಳಕಲ್ಲ. ತಗಲಿದ ಕೂಡಲೇ ಚದುರಿಸಿಬಿಡುತ್ತವೆ. ಗರಟೆ ಅರ್ಧ ತೂಗಿಗೇ ನಿಂತರೆ ಬೀಸುಕಲ್ಲು ತಿರುಗಲು ಹೊತ್ತೆಲ್ಲಿ? ಸೂರ್ಯನಲ್ಲೂ ಅಷ್ಟೇ. ಹಾನ್ಲೆ ಪರಿಣಾಮ ಕಾಣುವುದು ಗೆರೆಯ ನಟ್ಟನಡುವೆ, ಪರಮಾಣುವಿನ ಸ್ವಂತ ಬಣ್ಣದಲ್ಲಿ. ಗೆರೆಯಿಂದ ದೂರ ಸರಿದರೆ ಇಲ್ಲ.

ಗ್ರಹಣದಲ್ಲಿ ಕಾಣುವ ಕಿರೀಟಕ್ಕೂ ಇದು ಅನ್ವಯಿಸುತ್ತದಾ?

1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ದಾರಿ ಸಮುದ್ರ ದಾಟಿ ಅಂಕೋಲಾ ಕಡೆಯಿಂದಲೇ ನಮ್ಮ ನೆಲ ಹತ್ತಿತ್ತು. ಹುಬ್ಬಳ್ಳಿ, ರಾಯಚೂರು ಹಾದು ಒಡಿಶಾ ತನಕ ಹೋಯಿತು. ಅಂದು ಬಾಗಿಲು ಹಾಕಿ ಒಳಗೆ ಕೂತೆವು ಎಂದು ಹೇಳುವ ಹಿರಿಯರು ನಮ್ಮ ಕಡೆ ಈಗಲೂ ಸಿಗುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಅಂಗಳಕ್ಕೆ ಬಂದು ನಿಂತಿದ್ದರೆ ಮುತ್ತಿನ ಬಣ್ಣದ ಕಿರೀಟ, ಅಂದರೆ ಸೂರ್ಯನ ಹೊರಗಿನ ವಾತಾವರಣ, ಕಾಣುತ್ತಿತ್ತು.

ಆ ಬಿಳಿ ಬೆಳಕು ಬಿಡಿ ಎಲೆಕ್ಟ್ರಾನುಗಳಿಂದ ಚದುರಿದ್ದು. ಚೆನ್ನಾಗಿ ಪೋಲರೈಸ್ ಆಗಿರುತ್ತದೆ, ಆದರೆ ಅದರ ಮೇಲೆ ಹಾನ್ಲೆ ಆಟ ನಡೆಯುವುದಿಲ್ಲ. ಕಿರೀಟದಲ್ಲಿ ಕಬ್ಬಿಣದ ಕೆಲವು ಗೆರೆಗಳೂ ಇವೆ. 1074.7 ನ್ಯಾನೋಮೀಟರಿನದು ಮುಖ್ಯ, ಕಣ್ಣಿಗೆ ಕಾಣದ ಅವಗೆಂಪು. ಇಲ್ಲಿ ಪರಮಾಣು ಬೆಳಕನ್ನು ಸೆಕೆಂಡಿನ ಹತ್ತು-ಹದಿನೈದನೇ ಒಂದು ಪಾಲು ಹೊತ್ತು ಹಿಡಿದಿಡುತ್ತದೆ. ಪರಮಾಣು ಲೋಕದಲ್ಲಿ ಅದು ಯುಗ. ಗಾಸ್‌ನ ಹತ್ತು ಲಕ್ಷದ ಒಂದು ಪಾಲು ಸಾಕು ಹೂವು ಬೀಳಲು. ಹಾಗಾಗಿ ಬಲ ಎಷ್ಟು ಎಂದು ಅಳೆಯಲು ಇದು ನಿಷ್ಪ್ರಯೋಜಕ. ಆದರೆ ಹೂವನ್ನು ಮೇಲಿಂದ ನೋಡದೆ ಪಕ್ಕದಿಂದ ನೋಡಿ, ಚಪ್ಪಟೆ ಗೆರೆಯಂತೆ ಕಾಣುತ್ತದೆ. ಕಲ್ಲಿನ ಅಚ್ಚು ಯಾವ ಕಡೆಗಿದೆ ಎಂದು ಅದರಿಂದ ಹೇಳಬಹುದು. ಕಿರೀಟದಲ್ಲಿ ಕ್ಷೇತ್ರದ ದಿಕ್ಕನ್ನು ಹೀಗೆ ಓದುತ್ತಾರೆ. ಪೋಲರೈಸೇಶನ್ ಕ್ಷೇತ್ರದ ಉದ್ದಕ್ಕೆ ಇದೆಯೋ ಅಡ್ಡಕ್ಕೆ ಇದೆಯೋ ಎಂಬ ಗೊಂದಲ ಮಾತ್ರ ಉಳಿಯುತ್ತದೆ.

2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ಜಾಗ ಸೇರಿದ ಆದಿತ್ಯ-ಎಲ್1 ನೌಕೆಯಲ್ಲಿ ಈ ಕಿರೀಟ ನೋಡುವ ಉಪಕರಣ ಇದೆ. ಅದನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. 1074.7 ಗೆರೆಯೂ ಅದರ ಪಟ್ಟಿಯಲ್ಲಿದೆ.

ಇಷ್ಟು ಸಣ್ಣದನ್ನು ಅಳೆಯುವುದು ಹೇಗೆ?

ಬೆಳಕು ಕಣಕಣವಾಗಿ ಬರುತ್ತದೆ. ಎಣಿಕೆಯ ತಪ್ಪು ಕಡಿಮೆ ಆಗಬೇಕಾದರೆ ಕಣ ಜಾಸ್ತಿ ಬೇಕು. ಲಕ್ಷದಲ್ಲಿ ಒಂದು ಪಾಲಿನ ನಿಖರತೆ ಬೇಕಾದರೆ ಲಕ್ಷ ಗುಣಿಸು ಲಕ್ಷ, ಅಂದರೆ ಸಾವಿರ ಕೋಟಿ ಕಣ ಎಣಿಸಬೇಕು. ಸೂರ್ಯನಲ್ಲಿ ಬೆಳಕಿಗೆ ಬರವೇ ಎಂದು ಕೇಳಬೇಡಿ. ಸಣ್ಣ ಜಾಗ, ಸಣ್ಣ ಬಣ್ಣದ ತುಂಡು ಎಂದು ಹೆಚ್ಚುತ್ತಾ ಹೋದರೆ ಸೂರ್ಯನೂ ಬಡವ. ಅದರ ಮೇಲೆ ನಮ್ಮ ಗಾಳಿ ಬೇರೆ ಚಿತ್ರವನ್ನು ಅಲ್ಲಾಡಿಸುತ್ತದೆ. ಅದಕ್ಕೇ ಜಿಂಪೋಲ್ ಸೆಕೆಂಡಿಗೆ ಸಾವಿರಾರು ಸಲ ಒಂದು ದಿಕ್ಕು, ಇನ್ನೊಂದು ದಿಕ್ಕು ಎಂದು ಅದಲುಬದಲು ಮಾಡುತ್ತಾ ಅಳೆಯುತ್ತದೆ. ಗಾಳಿ ಅಲ್ಲಾಡುವಷ್ಟರಲ್ಲಿ ಇದರ ಕೆಲಸ ಮುಗಿದಿರುತ್ತದೆ.

ನೆಲಕ್ಕೆ ಬಾರದ ಬೆಳಕಿಗೆ ರಾಕೆಟ್ಟೇ ಗತಿ. 2015ರ ಸೆಪ್ಟೆಂಬರಿನಲ್ಲಿ ಕ್ಲಾಸ್ಪ್ ಎಂಬ ಪ್ರಯೋಗ ಹೈಡ್ರೋಜನ್‌ನ 121.6 ನ್ಯಾನೋಮೀಟರ್ ಗೆರೆಯನ್ನು ನೋಡಲು ಮೇಲೆ ಹೋಯಿತು. ವರ್ಷಗಟ್ಟಲೆ ತಯಾರಿ, ನೋಡಲು ಸಿಕ್ಕಿದ್ದು ಸುಮಾರು ಐದು ನಿಮಿಷ. ಆ ಐದು ನಿಮಿಷದಲ್ಲಿ ಆ ಗೆರೆಯೂ ಚದುರಿಕೆಯಿಂದ ಪೋಲರೈಸ್ ಆಗಿದೆ ಎಂದು ಸಿಕ್ಕಿಬಿಟ್ಟಿತು.

ಮನೆಯ ಟೆಲಿಸ್ಕೋಪಿನಲ್ಲಿ ಇದನ್ನು ಅಳೆಯಬಹುದಾ?

ಇಲ್ಲ.

ಕರ್ನಾಟಕದಲ್ಲಿ ಇದನ್ನು ಓದಲು ಅವಕಾಶ ಇದೆಯಾ?

ಇದೆ. ಭಾರತೀಯ ಖಭೌತ ಸಂಸ್ಥೆಯ ಕೆ. ಎನ್. ನಾಗೇಂದ್ರ ಮತ್ತು ಅವರ ಶಿಷ್ಯರು ಪೋಲರೈಸ್ ಆದ ಗೆರೆಗಳ ಲೆಕ್ಕದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಸೂರ್ಯನ ಪೋಲರೈಸೇಶನ್ ಕುರಿತ ಎರಡನೇ ಅಂತರರಾಷ್ಟ್ರೀಯ ಕಾರ್ಯಾಗಾರ 1998ರಲ್ಲಿ ನಡೆದದ್ದೇ ಬೆಂಗಳೂರಿನಲ್ಲಿ. ಭೌತಶಾಸ್ತ್ರ, ಗಣಿತ ಎರಡೂ ಗಟ್ಟಿ ಇರಬೇಕು.

ನಮ್ಮ ಮನೆಯಲ್ಲಿ ಬೀಸುಕಲ್ಲು ಇಲ್ಲ. ಏನು ಮಾಡುವುದು?

ಸೈಕಲ್ ತಲೆಕೆಳಗು ಮಾಡಿ ಚಕ್ರದ ಮೇಲೆ ರಟ್ಟು ಇಡಲು ಹೋಗಬೇಡಿ, ಅದು ನೆಟ್ಟಗೆ ನಿಲ್ಲುವ ಚಕ್ರ. ನಮ್ಮ ಹುಡುಗರು ಹಾಗೆ ಮಾಡಿ ಜಗುಲಿ ತುಂಬಾ ಮರಳು ಚೆಲ್ಲಿದ್ದರು. ಊಟದ ಮೇಜಿನ ಮೇಲೆ ತಿರುಗುವ ತಟ್ಟೆ ಇದ್ದರೆ ಸಾಕು. ತಿರುಗುವ ಸ್ಟೂಲೂ ಆಗುತ್ತದೆ. ಮರಳಿನ ಬದಲು ರಂಗೋಲಿ ಪುಡಿ ಹಾಕಬಹುದು, ಆದರೆ ಮಳೆಗಾಲದಲ್ಲಿ ಅದೂ ಗಂಟು ಕಟ್ಟುತ್ತದೆ. ಹುರಿದುಕೊಳ್ಳಿ, ಆರಿದ ಮೇಲೆ ಜರಡಿ ಹಿಡಿದು ಗರಟೆಗೆ ತುಂಬಿ.